ಹೆಸರು ಬಿಟ್ಟು ಓದಿದ ರಜೆ ಅರ್ಜಿ

ನಾನು ಮಾಡಿದ್ದು ಕಳ್ಳತನ. ಕಾಗದ ನನ್ನ ಬೀರುವಿನಲ್ಲೇ ಇತ್ತು, ಬೀರುವಿನ ಕೀಲಿ ನನ್ನ ಬಳಿಯೇ ಇತ್ತು, ಆದದ್ದೂ ಒಳ್ಳೆಯ ಕೆಲಸಕ್ಕೇ. ಎಲ್ಲ ನಿಜ. ಆದರೂ ಅದು ಕಳ್ಳತನವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಮಾತು ಚೆನ್ನಾಗಿ ಬರುತ್ತದೆ. ಹೇಳುತ್ತಾ ಹೇಳುತ್ತಾ ನಿಮ್ಮನ್ನು ನನ್ನ ಕಡೆಗೇ ಎಳೆದುಕೊಂಡುಬಿಟ್ಟೇನು ಎಂಬ ಭಯ.

ನಮ್ಮದು ಕೊಡೆ ಮಾಡುವ ಕಾರ್ಖಾನೆ. ಮುನ್ನೂರ ಹನ್ನೆರಡು ಜನ. ಕಡ್ಡಿ ವಿಭಾಗ, ಹೊಲಿಗೆ ವಿಭಾಗ, ಹಿಡಿ ವಿಭಾಗ, ಪ್ಯಾಕಿಂಗು, ಕೊನೆಗೆ ಫ್ಯಾನಿನ ಕೆಳಗೆ ಕೂರುವ ನಾವು ಆಫೀಸಿನವರು. ಊರಿನ ಜನ ನಮ್ಮನ್ನೆಲ್ಲ ಒಟ್ಟಿಗೆ ಸೇರಿಸಿ 'ಛತ್ರಿಗಳು' ಎಂದು ಆಡಿಕೊಳ್ಳುತ್ತಾರೆ. ಹೆಣ್ಣು ಕೇಳಲು ಹೋದರೆ "ಹುಡುಗ ಎಂಥ ಛತ್ರಿ ಅಂತ ಮೊದಲೇ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು" ಎಂದು ನಗುತ್ತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಹಾಜರಿ, ರಜೆ, ಶಿಫ್ಟು, ಎಲ್ಲ ನನ್ನ ಮೇಜಿನ ಮೇಲೇ ಹಾದುಹೋಗಬೇಕು. ಬಾಯಿ ಸುಮ್ಮನಿರುವುದಿಲ್ಲವಾದ್ದರಿಂದ ಜನ ನನಗಿಟ್ಟ ಹೆಸರು ರೇಡಿಯೋ. ಎದುರಿಗೆ ರೇಡಿಯೋ ಮೇಡಂ, ಬೆನ್ನ ಹಿಂದೆ ಬರೀ ರೇಡಿಯೋ.

ನಮ್ಮಲ್ಲಿ ರಜೆಗೆ ಎರಡು ನಿಯಮಗಳಿವೆ. ಯಾವುದೋ ಕಾಲದ ಮ್ಯಾನೇಜರ್ ಮಾಡಿಟ್ಟು ಹೋದದ್ದು, ಯಾರೂ ತೆಗೆದಿಲ್ಲ. ಒಂದು, ಅರ್ಜಿಯಲ್ಲಿ ಕಾರಣವನ್ನು ಪೂರ್ತಿ ಬರೆಯಬೇಕು. 'ಸ್ವಂತ ಕೆಲಸ', 'ಮೈ ಸರಿಯಿಲ್ಲ' ಎಂದು ಬರೆದು ತಂದರೆ ವಾಪಸು. ಎರಡು, ಗಂಡ ಹೆಂಡತಿ ಇಬ್ಬರೂ ಇಲ್ಲೇ ಕೆಲಸಕ್ಕಿದ್ದರೆ ಇಬ್ಬರಿಗೂ ಒಟ್ಟಿಗೆ ರಜೆ ಇಲ್ಲ. ಮೊದಲನೆಯ ನಿಯಮದಿಂದಾಗಿ ನನ್ನ ಬೀರುವಿನಲ್ಲಿ ಮುನ್ನೂರು ಮನೆಗಳ ಗುಟ್ಟು ಕೂತಿದೆ. ಯಾರ ಅಪ್ಪ ಕುಡಿದು ಬಿದ್ದ, ಯಾರ ಮಗಳು ಗಂಡನ ಮನೆಯಿಂದ ವಾಪಸು ಬಂದಳು, ಯಾರಿಗೆ ಗರ್ಭ ನಿಲ್ಲಲಿಲ್ಲ, ಎಲ್ಲ. ಇಪ್ಪತ್ತೆರಡು ವರ್ಷ ಒಂದು ಮಾತನ್ನೂ ನಾನು ಆಚೆ ಬಿಟ್ಟವಳಲ್ಲ. ರೇಡಿಯೋ ಆದರೂ ಆ ಸ್ಟೇಷನ್ನು ಮಾತ್ರ ಹಾಕುವುದಿಲ್ಲ ಎಂದು ಜನರಿಗೆ ನಂಬಿಕೆ ಇತ್ತು.

ವರ್ಷಕ್ಕೊಮ್ಮೆ ಕಾರ್ಖಾನೆಯಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುತ್ತೇವೆ. ಎರಡು ವರ್ಷದಿಂದ ಅದು ದೊಡ್ಡಾಸ್ಪತ್ರೆಯ ಪಕ್ಕದ ತಂಗುಮನೆಗೆ. ರೋಗಿಗಳ ಮನೆಯವರು ಮಲಗಲು ನಾಲ್ಕು ಕೋಣೆ, ಎರಡು ಬಚ್ಚಲು, ಅಷ್ಟೇ ಯೋಜನೆ. ಹೋದ ವರ್ಷ ಈ ಕೆಲಸ ನಮ್ಮ ಕ್ಯಾಷಿಯರ್ ಪಾಲಿಗೆ ಬಂದಿತ್ತು. ಆತ ಗೇಟಿನ ಬಳಿ ಒಂದು ತಗಡಿನ ಡಬ್ಬಿ ಇಟ್ಟು ಕೈ ತೊಳೆದುಕೊಂಡರು. ತಿಂಗಳ ಕೊನೆಗೆ ತೆರೆದರೆ ಒಂದಿಷ್ಟು ಚಿಲ್ಲರೆ, ಎರಡು ಬಸ್ ಟಿಕೆಟು, ಒಂದು ಅಂಗಿ ಗುಂಡಿ. ಈ ವರ್ಷ ಮ್ಯಾನೇಜರ್ ನೇರವಾಗಿ ನನ್ನ ಮೇಜಿಗೆ ಬಂದರು.

"ರೇಡಿಯೋ ಇರೋವಾಗ ಡಬ್ಬಿ ಯಾಕಮ್ಮ ಬೇಕು? ನೀವೇ ನೋಡ್ಕೊಳ್ಳಿ."

ಹೊಗಳಿದರೆ ನಾನು ಉಬ್ಬುತ್ತೇನೆ. ಉಬ್ಬಿದೆ.

ಕೆಲಸವನ್ನು ಚೆನ್ನಾಗಿಯೇ ಮಾಡಿದೆ, ಅದರಲ್ಲಿ ಸುಳ್ಳಿಲ್ಲ. ವಿಭಾಗಕ್ಕೊಬ್ಬರಂತೆ ಐದು ಜನರನ್ನು ಕಾರ್ಖಾನೆಯ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೆಟ್ಟಿಲುಗಳ ಮೇಲೆ ಚೀಲವನ್ನೇ ದಿಂಬು ಮಾಡಿಕೊಂಡು ಮಲಗಿದವರನ್ನು, ಕಟಾಂಜನದ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ಅವರು ಕಣ್ಣಾರೆ ನೋಡಿ ಬಂದು ತಮ್ಮ ತಮ್ಮ ವಿಭಾಗದಲ್ಲಿ ಹೇಳಿದರು. ಒಂದೊಂದು ಚೀಟಿ ಹಂಚಿದೆ. ಸಂಬಳದಲ್ಲಿ ತಿಂಗಳಿಗೆ ಇಷ್ಟು ಹಿಡಿಯಿರಿ ಎಂದು ಬರೆದರೆ ಮುಗಿಯಿತು. ನಾಲ್ಕು ಚಹಾದ ದುಡ್ಡಾದರೂ ಸರಿ, ಬೇಡವೆಂದರೂ ಸರಿ, ಯಾರು ಎಷ್ಟು ಕೊಟ್ಟರೆಂದು ಯಾರಿಗೂ ಗೊತ್ತಾಗುವುದಿಲ್ಲ. ಕ್ಯಾಂಟೀನಿನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದೆ. ವಿಭಾಗಕ್ಕೊಂದು ಕೊಡೆಯ ಚಿತ್ರ, ಕೊಡೆಗೆ ಎಂಟು ಹೋಳು. ವಿಭಾಗದ ಎಂಟನೇ ಒಂದು ಪಾಲು ಜನ ಚೀಟಿ ಕೊಟ್ಟರೆ ಒಂದು ಹೋಳಿಗೆ ಬಣ್ಣ. ಪೂರ್ತಿ ಬಣ್ಣ ಬಂದರೆ ಆ ವಿಭಾಗದ ಕೊಡೆ ಬಿಚ್ಚಿತು ಎಂದು ಲೆಕ್ಕ.

ಮೊದಲ ವಾರ ಓಡಿತು. ಎರಡನೇ ವಾರ ನಿಂತಿತು. ಆಫೀಸಿನ ಕೊಡೆ ತುಂಬಿತ್ತು, ಮ್ಯಾನೇಜರ್ ಎದುರಿಗೇ ಕೂತವರು ಇನ್ನೇನು ಮಾಡುತ್ತಾರೆ? ಹೊಲಿಗೆಗೆ ಮೂರು ಹೋಳು, ಪ್ಯಾಕಿಂಗಿಗೂ ಹಿಡಿ ವಿಭಾಗಕ್ಕೂ ಎರಡೆರಡು, ಕಡ್ಡಿ ವಿಭಾಗಕ್ಕೆ ಒಂದೇ ಒಂದು. "ನಮ್ ಕಷ್ಟಕ್ಕೇ ಯಾರಾದ್ರೂ ಕೊಡೋರಿದ್ರೆ ಹೇಳಿ ಮೇಡಂ" ಎಂದರು. ಅದೂ ನ್ಯಾಯವೇ. ಒಂದು ದಿನ ಮ್ಯಾನೇಜರ್ ಆ ಹಾಳೆಯ ಮುಂದೆ ನಿಂತು, ಕೈಯಲ್ಲಿ ಚಹಾ ಲೋಟ ಹಿಡಿದು, ನಾಲ್ಕು ಜನ ಕೇಳುವ ಹಾಗೆ ಅಂದರು: "ಏನು ರೇಡಿಯೋ, ಬ್ಯಾಟರಿ ಮುಗೀತಾ?"

ನನಗೆ ಮೈ ಉರಿದುಹೋಯಿತು. ಆಮೇಲೆ ನಾನು ಮಾಡಿದ್ದರಲ್ಲಿ ಆ ಮೆಟ್ಟಿಲ ಮೇಲಿನ ಜನರ ಮೇಲಿನ ಕನಿಕರ ಮೂರು ಪಾಲು ಇದ್ದರೆ, ಆ ಮಾತಿನ ಉರಿ ಐದು ಪಾಲು.

ನಮ್ಮವರೇ ಯಾರಾದರೂ ಆ ಆಸ್ಪತ್ರೆಯಲ್ಲಿ ದಿನಗಟ್ಟಲೆ ಕಾದವರಿದ್ದರೆ ಅವರಿಂದಲೇ ನಾಲ್ಕು ಮಾತಾಡಿಸಬಹುದು ಎನಿಸಿತು. ಬೀರು ತೆರೆದು ಹಳೆಯ ರಜೆ ಅರ್ಜಿಗಳನ್ನು ಹುಡುಕತೊಡಗಿದೆ. ಆರು ವರ್ಷದ ಹಿಂದಿನ ಕಟ್ಟಿನಲ್ಲಿ ಕಡ್ಡಿಯಣ್ಣನ ಅರ್ಜಿ ಸಿಕ್ಕಿತು.

ಕಡ್ಡಿಯಣ್ಣ ಎಂದರೆ ಕಡ್ಡಿ ವಿಭಾಗದ ಹಳೆಯ ಕೈ. ಸಣಕಲು ಮನುಷ್ಯ, ಆ ಹೆಸರು ಎರಡು ರೀತಿಯಲ್ಲೂ ಹೊಂದುತ್ತಿತ್ತು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರ ಹೆಂಡತಿ ಹೊಲಿಗೆ ವಿಭಾಗದಲ್ಲಿದ್ದಾರೆ. ಆತ ಎಲ್ಲರಿಗೂ ಅಣ್ಣನಾದ್ದರಿಂದ ಆಕೆ ಎಲ್ಲರಿಗೂ ಅತ್ತಿಗೆ. ಮಧ್ಯಾಹ್ನ ಇಬ್ಬರೂ ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ಒಂದೇ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಅವರಿಗೊಬ್ಬಳು ಮಗಳಿದ್ದಳು, ಐದು ವರ್ಷಕ್ಕೆ ಹೋದಳು ಎಂದು ಕಾರ್ಖಾನೆಗೆಲ್ಲ ಗೊತ್ತು. ಹೇಗೆ ಎಂದು ಯಾರೂ ಕೇಳಿರಲಿಲ್ಲ.

ಅರ್ಜಿ ಹೀಗಿತ್ತು:

"ಮಾನ್ಯರೇ, ನನ್ನ ಮಗಳು ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ಹಾಸಿಗೆ ಕಿಟಕಿಯ ಪಕ್ಕ ಇತ್ತು. ಪರದೆ ಇರಲಿಲ್ಲ. ಅವಳ ಸಣ್ಣ ಕೊಡೆಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದೆ. ಅದು ಅವಳ ತಾಯಿ ತುಂಡು ಬಟ್ಟೆಯಲ್ಲಿ ಹೊಲಿದದ್ದು, ಏಳು ಹೋಳು ಹಳದಿ, ಒಂದು ನೀಲಿ. ತುಂಡು ಬಟ್ಟೆಗೆ ಅನುಮತಿ ಪಡೆದಿದ್ದೆವು. ಬಿಸಿಲು ತಿರುಗಿದ ಹಾಗೆ ಕೊಡೆಯನ್ನೂ ತಿರುಗಿಸುತ್ತಿದ್ದೆ. ಮೂರು ದಿನದಿಂದ ನಿದ್ದೆ ಇರಲಿಲ್ಲ. ಒಳಗೆ ಕೂರಲು ಜಾಗ ಇಲ್ಲ. ಹತ್ತು ನಿಮಿಷ ಎಂದು ಮೆಟ್ಟಿಲ ಮೇಲೆ ಹೋಗಿ ಮಲಗಿದೆ. ನರ್ಸಮ್ಮ ಬಂದು ಎಬ್ಬಿಸಿದಾಗ ಮೂರು ಗಂಟೆ ಆಗಿತ್ತು. ಒಳಗೆ ಹೋದೆ. ಬಿಸಿಲು ಅವಳ ಮುಖದ ಮೇಲೆ ಇತ್ತು. ಕೊಡೆ ತಿರುಗಿಸುವವರು ಯಾರೂ ಇರಲಿಲ್ಲ. ಈ ವಿಷಯ ನನ್ನ ಮನೆಯವರಿಗೆ ಹೇಳಿಲ್ಲ. ಅವರ ಎದುರಿಗೆ ದಯವಿಟ್ಟು ಯಾರೂ ಕೇಳಬಾರದು. ಹನ್ನೊಂದು ದಿನ ರಜೆ ಬೇಕು."

ಕೆಳಗೆ 'ಮಂಜೂರು' ಎಂದು ನನ್ನದೇ ಸಹಿ. ಆಗ ಇದನ್ನು ಓದಿದ್ದೆನೋ, ದಿನ ಮಾತ್ರ ಎಣಿಸಿ ಸಹಿ ಹಾಕಿದ್ದೆನೋ, ಆಣೆ ಮಾಡಿ ಹೇಳಲಾರೆ. ಅದೇ ಕಟ್ಟಿನಲ್ಲಿ ಅದಕ್ಕೂ ನಾಲ್ಕು ದಿನ ಹಿಂದಿನ ತಾರೀಕಿನ ಅತ್ತಿಗೆಯ ಅರ್ಜಿ ಇತ್ತು: ಮಗಳ ಹತ್ತಿರ ಇರಬೇಕು, ಒಂದು ವಾರ ರಜೆ ಕೊಡಿ ಎಂದು. ಅದರ ಮೇಲೆ ಕೆಂಪು ಶಾಯಿಯಲ್ಲಿ, 'ಪತಿ ರಜೆಯಲ್ಲಿದ್ದಾರೆ, ನಿಯಮದ ಪ್ರಕಾರ ಸಾಧ್ಯವಿಲ್ಲ.' ಅದೂ ನನ್ನ ಅಕ್ಷರವೇ. ದುಂಡಗೆ, ಚೆನ್ನಾಗಿ, ಒಂದು ತಪ್ಪೂ ಇಲ್ಲದೆ ಬರೆದಿದ್ದೆ.

ಬೀರು ಮುಚ್ಚಬೇಕಿತ್ತು. ನಾಚಿಕೆಯಿಂದಾದರೂ ಮುಚ್ಚಬೇಕಿತ್ತು. ನಾನು ಕಣ್ಣೊರೆಸಿಕೊಂಡೆ, ಮೂಗು ಒರೆಸಿಕೊಂಡೆ, ಒಂದು ಬಿಳಿ ಹಾಳೆ ತೆಗೆದುಕೊಂಡು ನಕಲು ಮಾಡಲು ಕೂತೆ.

ಹೆಸರು ಬಿಟ್ಟೆ. ತಾರೀಕು ಬಿಟ್ಟೆ. 'ಮನೆಯವರಿಗೆ ಹೇಳಿಲ್ಲ' ಎಂಬ ಎರಡು ಸಾಲು ಬಿಟ್ಟೆ. ಅಂದರೆ ಆ ಎರಡು ಸಾಲನ್ನು ಓದಿದ್ದೇನೆ, ಅದರ ಅರ್ಥ ನನಗಾಗಿದೆ, ಆದ್ದರಿಂದಲೇ ಬಿಟ್ಟಿದ್ದೇನೆ. ತಿಳಿಯದೆ ಮಾಡಿದೆ ಎಂದು ನಾನು ಯಾವ ದೇವರ ಮುಂದೆಯೂ ಹೇಳುವ ಹಾಗಿಲ್ಲ. ಬರೆದದ್ದನ್ನು ಕ್ಯಾಷಿಯರ್‌ಗೆ ಓದಿ ತೋರಿಸಿದೆ. ಕಲ್ಲಿನಂಥ ಮನುಷ್ಯ, ತನ್ನ ಬೀಳ್ಕೊಡುಗೆಯಲ್ಲೂ ಲಡ್ಡು ಎಣಿಸಿ ಕೊಡುವಂಥವರು. ಆತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಿಟಕಿಯ ಕಡೆ ನೋಡಿದರು.

"ಯಾರದ್ದು ಅಂತ ಗೊತ್ತಾಗಲ್ವಾ ಮೇಡಂ?" ಎಂದರು ಆಮೇಲೆ.

"ಹೆಸರೇ ಇಲ್ವಲ್ಲ."

"ಬರೆದವರನ್ನ ಒಂದ್ಮಾತು ಕೇಳಿದ್ರಾ?"

"ಕೇಳ್ತೀನಿ ಬಿಡಿ," ಎಂದೆ. ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಕ್ಯಾಷಿಯರ್ ಮಾತು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಆ 'ಏಳು ಹೋಳು ಹಳದಿ, ಒಂದು ನೀಲಿ'ಯನ್ನು ಹೊಡೆದುಹಾಕಿ, ಬರೀ 'ಕೊಡೆ' ಎಂದು ಮತ್ತೆ ಓದಿಕೊಂಡೆ. ಸಪ್ಪೆಯಾಯಿತು. ಬಣ್ಣ ಹೇಳಿದಾಗ ಕಿಟಕಿ, ಹಾಸಿಗೆ, ಮಗು ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ತೆಗೆದರೆ ಅದು ಸಾವಿರದಲ್ಲಿ ಒಂದು ಆಸ್ಪತ್ರೆಯ ಕಥೆ. ಹೊಡೆದುಹಾಕಿದ್ದನ್ನು ಮತ್ತೆ ಬರೆದೆ. ನನ್ನ ಎಲ್ಲ ತಪ್ಪುಗಳಲ್ಲಿ ನಾನು ಕ್ಷಮಿಸಿಕೊಳ್ಳಲಾರದ್ದು ಇದೊಂದೇ. ಐದು ಪದ. ಜನ ಅಳಲಿ ಎಂದು.

ಮಾರನೇ ದಿನ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಬೆಂಚಿನ ಮೇಲೆ ಹತ್ತಿ ನಿಂತು, "ನಮ್ಮಲ್ಲೇ ಒಬ್ಬರು ಬರೆದ ಕಾಗದ, ಹೆಸರು ಕೇಳ್ಬೇಡಿ" ಎಂದು ಹೇಳಿ ಓದಿದೆ. ನಾನು ಚೆನ್ನಾಗಿ ಓದುತ್ತೇನೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಗೊತ್ತು. 'ಮಾನ್ಯರೇ' ಎಂದಾಗ ಸ್ಟೀಲಿನ ಡಬ್ಬಿಗಳ ಸದ್ದಿತ್ತು. 'ಹತ್ತು ನಿಮಿಷ ಎಂದು' ಎಂಬಲ್ಲಿಗೆ ಬರುವಾಗ ನೀರಿನ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

ಮೂಲೆ ಮೇಜಿನ ಕಡೆ ನೋಡಬಾರದು ಎಂದುಕೊಂಡಿದ್ದೆ. ನೋಡಿದೆ. ಕಡ್ಡಿಯಣ್ಣನ ಕೈ ಡಬ್ಬಿಯಿಂದ ಮೇಲೆದ್ದು ಅಲ್ಲೇ ನಿಂತಿತ್ತು. ಆತ ನನ್ನನ್ನು ನೋಡುತ್ತಿರಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಅತ್ತಿಗೆ ತಲೆ ಎತ್ತಲಿಲ್ಲ. ಒಂದೇ ಸಮನೆ ಉಣ್ಣುತ್ತಿದ್ದರು. ನಾನು 'ಬಿಸಿಲು ಅವಳ ಮುಖದ ಮೇಲೆ ಇತ್ತು' ಎಂದು ಓದುವಾಗಲೂ ಉಂಡರು, ಡಬ್ಬಿಯ ಅಂಚನ್ನು ಬೆರಳಿನಿಂದ ಒರೆಸಿ ಉಂಡರು, ಮುಚ್ಚಳ ಹಾಕಿ ನಲ್ಲಿಯ ಕಡೆ ಹೋದರು. ಸದ್ಯ, ಆಕೆಗೆ ಗೊತ್ತಾಗಲಿಲ್ಲ ಎಂದುಕೊಂಡೆ. ತಾನು ಹೊಲಿದ ಕೊಡೆ ತಾಯಿಗೆ ಗೊತ್ತಾಗಲಿಲ್ಲವಂತೆ, ನಾನು ನಂಬಿದೆನಂತೆ! ಬೇಕಾದ್ದನ್ನು ನಂಬಲು ಮನುಷ್ಯನಿಗೆ ಬುದ್ಧಿ ಬೇಕಿಲ್ಲ.

ಆ ಸಂಜೆಯೇ ಚೀಟಿಗಳು ಬರತೊಡಗಿದವು. ಗಂಡಸರು ಕಣ್ಣು ತಪ್ಪಿಸಿ ಕೊಟ್ಟುಹೋದರು. ಹೆಂಗಸರು ನನ್ನ ಕೈ ಹಿಡಿದು ಅತ್ತರು. ನಾಲ್ಕು ದಿನದಲ್ಲಿ ಗೋಡೆಯ ಮೇಲಿನ ಐದು ಕೊಡೆಗಳೂ ಬಿಚ್ಚಿದವು. ನಮ್ಮ ಕಾರ್ಖಾನೆಯ ಚರಿತ್ರೆಯಲ್ಲಿ ಅಂಥದ್ದು ಆಗಿರಲಿಲ್ಲ. ಮಾಲೀಕರು ಮೆಚ್ಚಿ ಬರೆದ ಕಾಗದವನ್ನು ಮ್ಯಾನೇಜರ್ ನೋಟೀಸು ಬೋರ್ಡಿಗೆ ಚುಚ್ಚಿದರು. ತಂಗುಮನೆಗೆ ನಾಲ್ಕರ ಬದಲು ಆರು ಕೋಣೆ ಎಂದು ತೀರ್ಮಾನವಾಯಿತು. ಮುಂದಿನ ವರ್ಷವೂ ನೀವೇ ಎಂದರು. ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದರು.

ಆದರೆ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಳದಿ ಬಟ್ಟೆ ಸಾಲದೆ ಒಂದು ಹೋಳಿಗೆ ನೀಲಿ ಹಾಕಿದ ಆ ಸಣ್ಣ ಕೊಡೆಯನ್ನು ಅತ್ತಿಗೆ ಹೊಲಿದ ದಿನವೇ ಪ್ಯಾಕಿಂಗಿನ ಹೆಂಗಸರು ತಮ್ಮ ಕೈಯಾರೆ ಬಿಚ್ಚಿ ನೋಡಿ ನಕ್ಕಿದ್ದರು. ಎರಡೇ ದಿನಕ್ಕೆ ಕಾರ್ಖಾನೆಗೆಲ್ಲ ಹರಡಿತು. ಕಡ್ಡಿಯಣ್ಣ ಬಂದರೆ ಜನ ದನಿ ತಗ್ಗಿಸುವುದು, ಚಹಾದ ಸಾಲಿನಲ್ಲಿ ಅವರನ್ನು ಮುಂದೆ ಬಿಡುವುದು ಶುರುವಾಯಿತು. ಆತ ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟರು. ಮೂಲೆ ಮೇಜಿನಲ್ಲಿ ಅತ್ತಿಗೆ ಒಬ್ಬರೇ ಕೂತು ಅರ್ಧ ಡಬ್ಬಿ ಉಂಡು, ಉಳಿದರ್ಧವನ್ನು ಮುಚ್ಚಿ ಕಡ್ಡಿ ವಿಭಾಗದ ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು.

ನಾನೇ ಹೋಗಿ ಕಾಲಿಗೆ ಬೀಳಬೇಕಿತ್ತು. ದಿನಾ ಹೊರಡುತ್ತಿದ್ದೆ, ದಿನಾ ಒಂದು ಕೆಲಸ ನೆನಪಾಗುತ್ತಿತ್ತು. ಮೂರನೇ ವಾರ ಅತ್ತಿಗೆಯೇ ನನ್ನ ಕೋಣೆಗೆ ಬಂದರು. ಬಾಗಿಲು ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತರು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ನಂಗೆ ಗೊತ್ತಿತ್ತು ಮೇಡಂ," ಎಂದರು.

"ಏನು ಅತ್ತಿಗೆ?"

"ಬಿಸಿಲು ಬಿದ್ದಿದ್ದು. ಅವತ್ತೇ ಗೊತ್ತಿತ್ತು. ಕೆಲಸ ಬಿಟ್ಟು ಓಡೋಡಿ ಹೋದೆನಲ್ಲ, ವಾರ್ಡು ಗುಡಿಸೋ ಹೆಂಗಸು ಬಾಗಿಲಲ್ಲೇ ಹೇಳಿಬಿಟ್ಲು. 'ಪಾಪ, ನಿಮ್ಮ ಯಜಮಾನ್ರು ಮೆಟ್ಟಿಲ ಮೇಲೆ ನಿದ್ದೆ ಹೋಗಿದ್ರು, ಮಗು ಮುಖದ ಮೇಲೆಲ್ಲ ಬಿಸಿಲು' ಅಂತ."

ಅತ್ತಿಗೆ ಸೆರಗು ಸರಿಮಾಡಿಕೊಂಡರು.

"ಮನೆಗೆ ಬಂದ ಮೇಲೆ ಇವರು ಬೇರೆ ಥರ ಹೇಳಿದ್ರು. 'ನನ್ನ ಬೆರಳು ಹಿಡ್ಕೊಂಡಿದ್ಲು ಕಣೇ, ಬಿಸಿಲು ತಿರುಗಿದ ಹಾಗೆ ಕೊಡೆ ತಿರುಗಿಸ್ತಾ ಇದ್ದೆ, ಕೊನೇವರೆಗೂ ನೆರಳಲ್ಲೇ ಇದ್ಲು' ಅಂತ. ನಾನು ಸುಮ್ನೆ ಕೇಳ್ಕೊಂಡೆ. ಹೇಳ್ಕೊಂಡು ಹಗುರ ಆಗ್ಲಿ ಅಂತ. ಆಮೇಲೆ ಬರ್ತಾ ಬರ್ತಾ ನಾನೇ ಕೇಳೋಕೆ ಶುರು ಮಾಡಿದೆ. ಜೀವ ತಡೀದೆ ಇದ್ದಾಗ 'ಹೇಳಿ' ಅಂತೀನಿ. ಅವರು ಹೇಳ್ತಾರೆ. ಒಂದೊಂದ್ಸಲ ಒಂದೊಂದು ಹೊಸದು ಸೇರುತ್ತೆ. ಅವಳು ನಕ್ಕಳು ಅಂತಾರೆ, ನನ್ನ ಕೇಳಿದ್ಲು ಅಂತಾರೆ. ಆರು ವರ್ಷ ಮೇಡಂ. ನಾನಲ್ಲಿ ಇರ್ಲಿಲ್ವಲ್ಲ. ನಂಗೆ ಇರೋದು ಅದೊಂದೇ."

ಯಾಕೆ ಇರಲಿಲ್ಲ ಎಂದು ಆಕೆ ಹೇಳಲಿಲ್ಲ. ನನ್ನ ಕೆಂಪು ಪೆನ್ನು ಇಬ್ಬರ ನಡುವೆ ಮೇಜಿನ ಮೇಲೇ ಬಿದ್ದಿತ್ತು. ಅದನ್ನು ಎತ್ತಿ ಡ್ರಾಯರಿನೊಳಗೆ ಹಾಕಲೂ ನನಗೆ ಧೈರ್ಯವಾಗಲಿಲ್ಲ.

"ಈಗ ಹೇಳಲ್ಲ ಅಂತಾರೆ," ಎಂದರು ಅತ್ತಿಗೆ. "ಹೇಳಿ ಅಂದ್ರೆ ಗೋಡೆ ಕಡೆ ತಿರುಗ್ತಾರೆ. ಅವಳ ಹೆಸರು ಎತ್ತಿದ್ರೆ ಎದ್ದು ಹೋಗ್ತಾರೆ. ನಂಗೆ ಗೊತ್ತಾಯ್ತು ಅಂತ ಅವರಿಗೆ ಗೊತ್ತಾಗಿಹೋಯ್ತು. ಅವತ್ತು ನಾನು ತಲೆ ಎತ್ತದೆ ಉಂಡೆ. ಎಷ್ಟು ಕಷ್ಟಪಟ್ಟು ನುಂಗಿದೀನಿ ಅಂತ ನಂಗೆ ಗೊತ್ತು. ಆದ್ರೂ ಅವರು ನಂಬ್ಲಿಲ್ಲ."

"ನಾನೇನು ಮಾಡ್ಲಿ ಹೇಳಿ ಅತ್ತಿಗೆ. ಏನು ಬೇಕಾದ್ರೂ ಮಾಡ್ತೀನಿ."

"ಭಾನುವಾರ ಮನೆಗೆ ಬನ್ನಿ. ಆ ಕಾಗದ ಬೇರೆ ಯಾರದ್ದೋ, ಕೊಡೆ ವಿಷಯ, ಬಿಸಿಲಿನ ವಿಷಯ ನಾನೇ ಕಟ್ಟಿ ಸೇರಿಸಿದ್ದು ಅಂತ ಅವರೆದುರಿಗೆ ನಂಗೆ ಹೇಳಿ."

"ಬರೆದವರೇ ಅವರಲ್ವಾ? ನಾನು ಸುಳ್ಳು ಹೇಳ್ತಿದೀನಿ ಅಂತ ಅವರಿಗೆ ಗೊತ್ತಾಗಲ್ವಾ?"

"ಗೊತ್ತಾಗ್ಲಿ. ನಾನು ನಂಬಿದೆ ಅಂತ ಅವರಿಗೆ ಅನ್ನಿಸಿದ್ರೆ ಸಾಕು. ಮುನ್ನೂರು ಜನರನ್ನ ಒಪ್ಪಿಸಿದ್ರಲ್ಲ ಮೇಡಂ. ಇವರೊಬ್ಬರು."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ನನ್ನಿಂದಾಗುತ್ತದೆ ಎಂದು ಆಕೆ ನಂಬಿದ್ದರು.

ಭಾನುವಾರ ಮಧ್ಯಾಹ್ನ ಹೋದೆ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಒಂದು ಮಂಚ, ಎರಡು ಪ್ಲಾಸ್ಟಿಕ್ ಕುರ್ಚಿ, ಹಗ್ಗದ ಮೇಲೆ ಒಣಗುತ್ತಿದ್ದ ಎರಡು ಕಾರ್ಖಾನೆಯ ಅಂಗಿ. ಅತ್ತಿಗೆ ನನಗೆ ಕುರ್ಚಿ ಕೊಟ್ಟು, ಚಹಾ ತಂದು, ಬಾಗಿಲ ಬಳಿ ನೆಲದ ಮೇಲೆ ಕೂತರು. ಕಡ್ಡಿಯಣ್ಣ ಮಂಚದ ತುದಿಯಲ್ಲಿ ಕೂತಿದ್ದರು. "ಬನ್ನಿ ಮೇಡಂ" ಎಂದರು. ನಾನು ಅವರ ಕೈಗಳನ್ನು ನೋಡುತ್ತಾ ಶುರುಮಾಡಿದೆ. ಮೂವತ್ತು ವರ್ಷ ತಂತಿ ಬಗ್ಗಿಸಿ ಬೆರಳುಗಳು ಗಂಟುಗಟ್ಟಿದ್ದವು.

"ಅತ್ತಿಗೆ, ಅಣ್ಣ, ಇಬ್ರಿಗೂ ಒಂದು ತಪ್ಪೊಪ್ಪಿಗೆ ಮಾಡ್ಕೋಬೇಕು," ಎಂದೆ. "ಅವತ್ತು ಓದಿದ ಕಾಗದ ಯಾರೋ ಬೇರೆಯವರದ್ದು. ಕೆಲಸ ಬಿಟ್ಟುಹೋದವರದ್ದು. ಬರೀ ಎರಡು ಸಾಲಿತ್ತು, ಜನರ ಮನಸ್ಸು ಕರಗಲ್ಲ ಅಂತ ನಾನೇ ಉದ್ದ ಮಾಡಿದೆ. ನಿಮ್ಮ ಪುಟ್ಟಿಯ ಕೊಡೆ ಬಗ್ಗೆ ಪ್ಯಾಕಿಂಗಿನವರು ಹೇಳಿದ್ದು ನೆನಪಿತ್ತು, ಅದನ್ನ ಅಲ್ಲಿ ತುರುಕಿದೆ. ಬಿಸಿಲು, ಮೆಟ್ಟಿಲು ಎಲ್ಲ ನನ್ನ ಕಟ್ಟುಕಥೆ. ಛತ್ರಿ ಕೆಲಸ ಮಾಡಿದೆ. ಜನ ಅದನ್ನ ನಿಮ್ಮದೇ ಅಂದ್ಕೊಂಡ್ರು. ಕ್ಷಮಿಸಿ."

ಸುಳ್ಳು ಚೆನ್ನಾಗಿಯೇ ಬಂತು. ನನ್ನ ದನಿ ಬೇಕಾದಲ್ಲೇ ನಡುಗಿತು. ಥೂ ಎನಿಸಿತು ನನಗೇ.

"ನಾನು ಹೇಳ್ಲಿಲ್ವೇನ್ರೀ," ಎಂದರು ಅತ್ತಿಗೆ ತಕ್ಷಣ, ನಗುನಗುತ್ತಾ. "ಬೇರೆ ಯಾರದ್ದೋ ಇರುತ್ತೆ ಅಂತ. ನೀವು ಸುಮ್ನೆ ಮನಸ್ಸಿಗೆ ಹಚ್ಕೊಂಡ್ರಿ."

ಕಡ್ಡಿಯಣ್ಣ ನನ್ನನ್ನು ನೋಡಿದರು. ತನ್ನ ಕೈಯಾರೆ ಬರೆದ ಕಾಗದ, ನನ್ನ ಕೈಗೇ ಕೊಟ್ಟ ಕಾಗದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಹಳ ದಣಿದಿದ್ದರು, ಅಷ್ಟೇ.

"ಸರಿ ಮೇಡಂ," ಎಂದರು.

"ಮತ್ತೆ ಹೇಳಿ ಈಗ," ಎಂದರು ಅತ್ತಿಗೆ. ಮೊಣಕಾಲ ಮೇಲೆ ಕೈ ಕಟ್ಟಿ ಕೂತರು, ಕಥೆ ಕೇಳುವ ಮಕ್ಕಳ ಹಾಗೆ. "ನಿಜವಾಗಿ ಹೇಗಾಯ್ತು ಅಂತ ಮೇಡಮ್ಮೂ ಕೇಳ್ಲಿ."

ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ: ಹೇಳಿ ಅಣ್ಣ, ಹೇಳಿಬಿಡಿ, ಬೆರಳು ಹಿಡಿದಿದ್ದಳು ಅನ್ನಿ, ನಕ್ಕಳು ಅನ್ನಿ, ನಾನೂ ನಂಬುತ್ತೇನೆ.

"ಕಿಟಕಿ ಹತ್ರ ಹಾಸಿಗೆ," ಎಂದು ಶುರುಮಾಡಿದರು. "ಕೊಡೆ ಕಟ್ಟಿದ್ದೆ. ಬಿಸಿಲು ಹೀಗೆ ಬರ್ತಾ ಇತ್ತು." ಬಲಗೈ ಎತ್ತಿ ತೋರಿಸಿದರು. ಆ ಕೈ ಗಾಳಿಯಲ್ಲಿ ಒಂದು ಹಿಡಿಯನ್ನು ಹಿಡಿದ ಹಾಗೆ ಮಡಿಚಿಕೊಂಡು ಮೆಲ್ಲಗೆ ತಿರುಗಿತು. "ತಿರುಗಿಸ್ತಾ ಇದ್ದೆ. ಬಿಸಿಲು ಈ ಕಡೆ ಬಂದ್ರೆ ಈ ಕಡೆ. ಅವಳು ನನ್ನ ಬೆರಳು..."

ಅತ್ತಿಗೆಯ ತುಟಿ ಅವರಿಗಿಂತ ಮೊದಲೇ ಅಲುಗುತ್ತಿತ್ತು. ಒಂದೊಂದು ಮಾತೂ ಆಕೆಗೆ ಬಾಯಿಪಾಠ.

"ಬೆರಳು..." ಎಂದರು ಆತ ಮತ್ತೊಮ್ಮೆ. ಕೈ ಕೆಳಗೆ ಬಿತ್ತು.

"ಹಿಡ್ಕೊಂಡಿದ್ಲು," ಎಂದರು ಅತ್ತಿಗೆ. "ಹೇಳ್ರೀ. ಹಿಡ್ಕೊಂಡಿದ್ಲು."

"ನಾನು ಮಲಗಿದ್ದೆ ಕಣೇ," ಎಂದರು ಕಡ್ಡಿಯಣ್ಣ. "ಮೆಟ್ಟಿಲ ಮೇಲೆ ಮಲಗಿಬಿಟ್ಟಿದ್ದೆ. ನಾನು ಹೋಗೋ ಹೊತ್ತಿಗೆ ಅವಳು ಇರ್ಲಿಲ್ಲ. ಬಿಸಿಲು ಅವಳ ಮುಖದ ಮೇಲಿತ್ತು."

"ಏನಂದ್ರಿ?" ಎಂದರು ಅತ್ತಿಗೆ.

ಆರು ವರ್ಷದಿಂದ ಎಲ್ಲ ಗೊತ್ತಿದ್ದ ಹೆಂಗಸು. ಕ್ಯಾಂಟೀನಿನಲ್ಲಿ ತಲೆ ಎತ್ತದೆ ನುಂಗಿದ ಹೆಂಗಸು. "ಏನಂದ್ರಿ? ಏನಂದ್ರಿ?" ಎಂದು ಮೂರು ಸಲ ಕೇಳಿದರು. ಆಮೇಲೆ ಆಕೆಯ ಗಂಟಲಿನಿಂದ ಹೊರಟ ಕೂಗನ್ನು ನಾನು ಬರೆಯಲಾರೆ. ಆತ ಮಂಚದಿಂದ ಇಳಿದು ಬಂದು ಹಿಡಿದುಕೊಂಡರು. ಆಕೆ ಎರಡೂ ಕೈಯಲ್ಲಿ ಅವರ ಎದೆಗೆ ಹೊಡೆದರು, ಹೊಡೆದು ಹೊಡೆದು ಅಲ್ಲೇ ಕುಸಿದರು. ಆತ ಒಂದು ಏಟನ್ನೂ ತಪ್ಪಿಸಿಕೊಳ್ಳಲಿಲ್ಲ.

ಎದ್ದು ಹೋಗೋಣವೆಂದರೆ ಇಬ್ಬರೂ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲಿದ್ದರು. ಆರಿದ ಚಹಾ ಹಿಡಿದುಕೊಂಡು ನಾನು ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿದ್ದೆ. ಒಂದು ಮಾತು, ಒಂದೇ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಅವರ ಮಗಳು ಹೋಗಿ ಆರು ವರ್ಷವಾಗಿತ್ತು ಎಂದು ಫೈಲಿನಲ್ಲಿದೆ. ಆ ತಾಯಿಯ ಮಡಿಲಿನಿಂದ ಅವಳು ಹೋದದ್ದು ಆ ಭಾನುವಾರ, ಮಧ್ಯಾಹ್ನ ಮೂರೂವರೆಗೆ, ನನ್ನ ಕಣ್ಣೆದುರಿಗೆ.